ಅಣೆಕಟ್ಟುಗಳಲ್ಲಿ ಸುರಕ್ಷತಾ ಮಾಪಕಗಳು: ಅಳವಡಿಸುವ ಸ್ಥಳದ ಆಯ್ಕೆ

ಅಣೆಕಟ್ಟಿನ ಕೆಳಭಾಗದ ಗ್ರಾಮಗಳ ನಿವಾಸಿಗಳು ಹಾಗೂ ಅಚ್ಚುಕಟ್ಟು ಪ್ರದೇಶದ ರೈತರು, ಇಷ್ಟು ಉದ್ದದ ಕಟ್ಟೆಯಲ್ಲಿ ಕೆಲವೇ ಸ್ಥಳಗಳಲ್ಲಿ ಮಾಪಕಗಳಿದ್ದರೆ ಸಾಕೇ ಎಂದು ವಿಚಾರಿಸುವುದುಂಟು. ಈ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಅಣೆಕಟ್ಟು ಸುರಕ್ಷತಾ ಅಧಿನಿಯಮ, 2021ರನ್ವಯ ನಿರ್ದಿಷ್ಟ ಅಣೆಕಟ್ಟುಗಳಲ್ಲಿ ಕನಿಷ್ಠ ಸಂಖ್ಯೆಯ ಮಾಪಕಗಳನ್ನು ಅಳವಡಿಸಿ, ಅವುಗಳ ದಾಖಲೆಗಳನ್ನು ನಿರ್ವಹಿಸುವುದು ಮಾಲೀಕರ ಹೊಣೆಯಾಗಿರುತ್ತದೆ. 15 ಮೀಟರ್‌ಗಿಂತ ಎತ್ತರದ ಎಲ್ಲಾ ಅಣೆಕಟ್ಟುಗಳು ಈ ವ್ಯಾಪ್ತಿಗೆ ಬರುತ್ತವೆ.

ಸ್ಥಳವನ್ನು ನಿರ್ಧರಿಸುವ ಕ್ರಮ

ಕಟ್ಟೆಯ ಉದ್ದಕ್ಕೂ ಸಮಾನ ಅಂತರದಲ್ಲಿ ಮಾಪಕಗಳನ್ನು ಇರಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸದರಿ ಅಣೆಕಟ್ಟು ಯಾವ ಯಾವ ರೀತಿಯಲ್ಲಿ ವಿಫಲವಾಗಬಹುದು ಎಂಬುದನ್ನು ಮೊದಲು ಪಟ್ಟಿ ಮಾಡಿ, ಅಂತಹ ವೈಫಲ್ಯದ ಮೊದಲ ಸುಳಿವು ಎಲ್ಲಿ ಕಾಣಿಸಿಕೊಳ್ಳುವುದೋ ಅಲ್ಲಿಯೇ ಮಾಪಕವನ್ನು ಅಳವಡಿಸಬೇಕಾಗುತ್ತದೆ.

ಕಲ್ಲು ಅಥವಾ ಕಾಂಕ್ರೀಟಿನ ಅಣೆಕಟ್ಟು ತನ್ನ ತೂಕದಿಂದಲೇ ನಿಲ್ಲುತ್ತದೆ. ತಳಪಾಯದ ಬಂಡೆಯ ಬಿರುಕುಗಳಲ್ಲಿ ನುಸುಳುವ ನೀರು ಕಟ್ಟೆಯನ್ನು ಮೇಲಕ್ಕೆ ಒತ್ತುವುದರಿಂದ ಆ ತೂಕದ ಪ್ರಯೋಜನ ಕಡಿಮೆಯಾಗುತ್ತದೆ. ಆದುದರಿಂದ ಒತ್ತಡ ಅಳೆಯುವ ಪೀಜೋಮೀಟರ್‌ಗಳನ್ನು ತಳದಲ್ಲಿ, ನೀರು ಬಸಿಯುವ ರಂಧ್ರಗಳ ಸಾಲಿನ ಮುಂದೆ ಮತ್ತು ಹಿಂದೆ ಇರಿಸಲಾಗುತ್ತದೆ. ಎರಡೂ ಕಡೆಯ ಒತ್ತಡ ಬಹುತೇಕ ಒಂದೇ ಆಗಿದ್ದಲ್ಲಿ ಬಸಿ ರಂಧ್ರಗಳು ಕಟ್ಟಿಕೊಂಡಿರಬಹುದೆಂದು ಶಂಕಿಸಬೇಕಾಗುತ್ತದೆ. ಒಂದೇ ಕಡೆ ಅಳೆದಿದ್ದರೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಕಟ್ಟೆಯ ವಾಲಿಕೆಯನ್ನು ಅಳೆಯುವ ತೂಗುಗುಂಡನ್ನು ಸಾಮಾನ್ಯವಾಗಿ ಅತಿ ಎತ್ತರದ ಭಾಗದಲ್ಲಿ ಇಳಿಬಿಡಲಾಗುತ್ತದೆ. ಮಣ್ಣಿನ ಏರಿಗಳಲ್ಲಿ, ಕಾಂಕ್ರೀಟ್ ತೂಬು ಮಣ್ಣಿನೊಡನೆ ಕೂಡುವ ಜಾಗಕ್ಕೆ ವಿಶೇಷ ಗಮನ ಬೇಕು. ಮಣ್ಣನ್ನು ಕೊಚ್ಚಿಕೊಂಡು ಹೋಗುವ ಸೋರಿಕೆ ಇಂತಹ ಸಂಧಿಗಳಲ್ಲಿ ಆರಂಭವಾಗುವ ಸಂಭವ ಹೆಚ್ಚು. ಏರಿಯೊಳಗೆ ಹೂತ ಮಾಪಕ ಕೆಟ್ಟರೆ ಅದನ್ನು ಹೊರತೆಗೆದು ಸರಿಪಡಿಸಲಾಗದು. ಮುಖ್ಯ ಸ್ಥಳಗಳಲ್ಲಿ ಒಂದಕ್ಕಿಂತ ಹೆಚ್ಚು ಮಾಪಕಗಳಿರುವುದು ಇದೇ ಕಾರಣಕ್ಕೆ.

ಎರಡು ನಿದರ್ಶನಗಳು

ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರಂದು ಭೂಕಂಪ ಸಂಭವಿಸಿದಾಗ, 103 ಮೀಟರ್ ಎತ್ತರದ ಅಣೆಕಟ್ಟಿನ ಒಳಗಿನ ಗ್ಯಾಲರಿಯಲ್ಲಿದ್ದ ಕಂಪನಮಾಪಕವು ಅದನ್ನು ದಾಖಲಿಸಿತು. ಆದರೆ ಬಿರುಕುಗಳು ಮುಖ್ಯವಾಗಿ ಕಾಣಿಸಿಕೊಂಡಿದ್ದು ಮೇಲ್ಭಾಗದಲ್ಲಿ, ಕಟ್ಟೆಯ ಹಿಂಬದಿಯ ಇಳಿಜಾರು ಥಟ್ಟನೆ ಬದಲಾಗುವ ಮಟ್ಟದಲ್ಲಿ. ತಳ, ತುದಿ ಹಾಗೂ ಕಟ್ಟೆಯಿಂದ ದೂರದ ಬಂಡೆ, ಈ ಮೂರೂ ಕಡೆ ಕಂಪನವನ್ನು ಅಳೆದರೆ ಮಾತ್ರ ನೆಲದ ಅಲುಗಾಟ ಎಷ್ಟು, ಕಟ್ಟೆಯಲ್ಲಿ ಅದು ಹಿಗ್ಗಿದ್ದು ಎಷ್ಟು ಎಂಬುದನ್ನು ಬೇರ್ಪಡಿಸಬಹುದು.

ನಮ್ಮ ರಾಜ್ಯದಲ್ಲಿ, 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು ಒಂದು ವಾರದೊಳಗೆ ತಾತ್ಕಾಲಿಕ ತಡೆ ಅಳವಡಿಸಲಾಯಿತಾದರೂ, ಅಷ್ಟರಲ್ಲಿ ಅಪಾರ ಪ್ರಮಾಣದ ನೀರು ನದಿಗೆ ಹರಿದಿತ್ತು. ತಳಪಾಯದಲ್ಲಿ ಎಷ್ಟೇ ಮಾಪಕಗಳಿದ್ದರೂ ಸರಪಳಿಯ ಸವೆತವನ್ನು ಅವು ತಿಳಿಸಲಾರವು. ಕಟ್ಟೆಯಷ್ಟೇ ಗೇಟು, ಸರಪಳಿ ಮತ್ತು ಕೊಂಡಿಗಳೂ ವೈಫಲ್ಯದ ಪಟ್ಟಿಯಲ್ಲಿ ಸೇರಬೇಕು. ಅವುಗಳಿಗೆ ನೇರ ತಪಾಸಣೆಯೇ ಮುಖ್ಯ.

ಸಾರ್ವಜನಿಕರ ಸಹಕಾರ

ಕಟ್ಟೆಯ ಬುಡದಲ್ಲಿ ಹೊಸದಾಗಿ ತೇವ ಅಥವಾ ಒರತೆ ಕಂಡುಬಂದಲ್ಲಿ, ವಿಶೇಷವಾಗಿ ಹೊರಬರುವ ನೀರು ಕದಡಿದ್ದಲ್ಲಿ, ತಡಮಾಡದೆ ಅಣೆಕಟ್ಟಿನ ವಿಭಾಗ ಕಚೇರಿಗೆ ತಿಳಿಸತಕ್ಕದ್ದು. ತಿಳಿನೀರಿನ ಸೋರಿಕೆ ಎಲ್ಲಾ ಅಣೆಕಟ್ಟುಗಳಲ್ಲಿಯೂ ಅಲ್ಪಸ್ವಲ್ಪ ಇರುತ್ತದೆ. ಕದಡಿದ ನೀರು ಮಣ್ಣನ್ನು ಹೊತ್ತು ತರುತ್ತಿರಬಹುದು. ಸೋರಿಕೆ ಅಳೆಯುವ ‘ವಿ’ ಆಕಾರದ ಕಂಡಿಗೆ ಕಲ್ಲು ಅಡ್ಡವಿಡುವುದು, ಅಳತೆ ಕಂಬಗಳಿಗೆ ದನಕರುಗಳನ್ನು ಕಟ್ಟುವುದು ಮುಂತಾದವುಗಳಿಂದ ತಪ್ಪು ಅಳತೆಗಳು ದಾಖಲಾಗುತ್ತವೆ.

ಮಾಪಕಗಳ ಕುರಿತ ದಾಖಲೆಗಳನ್ನು ಬಯಸುವವರು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸಂಬಂಧಿಸಿದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಅಣೆಕಟ್ಟಿನ ಹೆಸರು, ಮಾಪಕದ ಬಗೆ ಮತ್ತು ಅವಧಿಯನ್ನು ನಮೂದಿಸಿದಲ್ಲಿ ದಾಖಲೆ ಹುಡುಕಲು ಅನುಕೂಲವಾಗುತ್ತದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕಾಗಿದ್ದು, ಭದ್ರತೆಗೆ ಸಂಬಂಧಿಸಿದ ವಿವರಗಳಿಗೆ ಸದರಿ ಅಧಿನಿಯಮದ 8ನೇ ಪ್ರಕರಣದ ವಿನಾಯಿತಿಗಳು ಅನ್ವಯವಾಗಬಹುದು.