ಹಾಸನ ಸೀಮೆಯ ಮನೆಬಳಕೆ ವಿದ್ಯುತ್ತು: ಬಿಲ್ಲು, ಮೂಲ ಮತ್ತು ಇಂಗಾಲದ ಲೆಕ್ಕ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಮನೆಗಳಿಗೆ ವಿದ್ಯುತ್ತು ಹಂಚುವುದು ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. 1957ರ ವಿದ್ಯುಚ್ಛಕ್ತಿ ಮಂಡಳಿ (ಕೆ.ಇ.ಬಿ.) 1999ರಲ್ಲಿ ಪ್ರಸರಣ ನಿಗಮವಾಯಿತು. 2002ರಲ್ಲಿ ಹಂಚಿಕೆಯ ಕೆಲಸ ಬೇರೆ ಕಂಪನಿಗಳಿಗೆ ಹೋದಾಗ ಹಾಸನ ಜಿಲ್ಲೆ ಮಂಗಳೂರು ಕಂಪನಿಯ ಪಾಲಿಗೆ ಬಂತು. ಚಾಮುಂಡೇಶ್ವರಿ ನಿಗಮ ಅದರಿಂದ ಕವಲೊಡೆದು 2005ರಲ್ಲಿ ಕೆಲಸ ಶುರು ಮಾಡಿತು. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಅದು ಕೆ.ಇ.ಬಿ.ಯೇ. ಮನೆಯವರು ಕೊಡುವ ದುಡ್ಡು ಎಷ್ಟು, ಆ ವಿದ್ಯುತ್ತು ಎಲ್ಲಿಂದ ಬರುತ್ತದೆ, ಅದರ ಹಿಂದೆ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಎಂಬವು ಒಂದರೊಳಗೊಂದು ಹೆಣೆದ ಪ್ರಶ್ನೆಗಳು. ಮೊದಲೆರಡಕ್ಕೆ ಉತ್ತರ ಕಡತಗಳಲ್ಲೇ ಸಿಗುತ್ತದೆ. ಮೂರನೆಯದಕ್ಕೆ ಈವರೆಗೆ ಕೊಡುತ್ತ ಬಂದಿರುವ ಉತ್ತರಗಳನ್ನು ಮರುಪರಿಶೀಲಿಸುವುದು ಈ ಲೇಖನದ ಉದ್ದೇಶ.

ದರದ ಸಂಗತಿ ಕಳೆದ ಕೆಲವು ವರ್ಷಗಳಲ್ಲಿ ಹಲವು ಸಲ ಮಗುಚಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2023ರ ಆದೇಶದಲ್ಲಿ 100 ಯೂನಿಟ್‌ವರೆಗೆ ಯೂನಿಟ್ಟಿಗೆ 4.75 ರೂಪಾಯಿ, ಬಳಕೆ ಅದನ್ನು ದಾಟಿದರೆ ಅಷ್ಟೂ ಯೂನಿಟ್ಟಿಗೆ 7 ರೂಪಾಯಿ. ನೂರನೆಯ ಯೂನಿಟ್ಟಿಗೆ ನಿಂತ ಮನೆಗೆ 475 ರೂಪಾಯಿ, ಇನ್ನೊಂದೇ ಯೂನಿಟ್ ಹೆಚ್ಚು ಸುಟ್ಟ ಪಕ್ಕದ ಮನೆಗೆ 707 ರೂಪಾಯಿ. 2024ರ ಏಪ್ರಿಲ್‌ನಿಂದ ಹಂತಗಳೇ ಹೋಗಿ ಎಲ್ಲರಿಗೂ 5.90 ರೂಪಾಯಿಯ ಏಕದರ ಬಂತು. 2025–26ಕ್ಕೆ ಅದು 5.80 ರೂಪಾಯಿಗೆ ಇಳಿಯಿತಾದರೂ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120 ರೂಪಾಯಿಯಿಂದ 145 ರೂಪಾಯಿಗೆ ಏರಿತು. ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ ಸೇರಿತು. ಎರಡು ಕಿಲೋವ್ಯಾಟ್ ಮಂಜೂರಾತಿಯ, ತಿಂಗಳಿಗೆ 150 ಯೂನಿಟ್ ಬಳಸುವ ಮನೆಗೆ ನಿಗದಿತ ಶುಲ್ಕ 290, ಬಳಕೆಯ ಶುಲ್ಕ 870, ಪಿಂಚಣಿ ಬಾಬ್ತು 54, ಶೇ. 9ರ ತೆರಿಗೆ ಸುಮಾರು 78, ಒಟ್ಟು 1,292 ರೂಪಾಯಿ. ಇಂಧನ ಹೊಂದಾಣಿಕೆ ವೆಚ್ಚ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನಿಲ್ಲಿ ಸೇರಿಸಿಲ್ಲ.

ಆದರೆ ಇಷ್ಟು ಹಣವನ್ನು ನಿಜವಾಗಿ ಕಟ್ಟುವ ಮನೆಗಳು ಈಗ ಕಡಿಮೆ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ, 2022–23ರ ಮಾಸಿಕ ಸರಾಸರಿ ಮತ್ತು ಅದರ ಮೇಲೆ ಶೇ. 10ರಷ್ಟು ಉಚಿತ. ಸರಾಸರಿ 48 ಯೂನಿಟ್ಟಿನೊಳಗಿದ್ದವರಿಗೆ ಶೇ. 10ರ ಬದಲು 10 ಯೂನಿಟ್ ಹೆಚ್ಚುವರಿ ಎಂದು 2024ರ ಜನವರಿಯಲ್ಲಿ ತಿದ್ದುಪಡಿಯಾಯಿತು. ಮೀಟರ್ ರೀಡರ್ ಬಾಗಿಲಲ್ಲೇ ಹರಿದುಕೊಡುವ ಚೀಟಿಯಲ್ಲಿ ಆರ್.ಆರ್. ನಂಬರು, ಹಿಂದಿನ ಮಾಪನ, ಈಗಿನ ಮಾಪನ, ಶುಲ್ಕದ ಸಾಲುಗಳು ಎಲ್ಲವೂ ಮೊದಲಿನಂತೆಯೇ ಇರುತ್ತವೆ. ಕೊನೆಯಲ್ಲಿ ಸಹಾಯಧನ ಕಳೆದು ಕಟ್ಟಬೇಕಾದ ಮೊತ್ತ ಸೊನ್ನೆ. ಬಹಳ ಮನೆಗಳಲ್ಲಿ ಓದುವುದು ಆ ಸೊನ್ನೆಯನ್ನು ಮಾತ್ರ. ಅರ್ಹತೆ ಮೀರಿ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ದುಡ್ಡು. 200 ದಾಟಿದರೆ ಪೂರಾ ಬಿಲ್ಲು. 2025–26ರ ದರದಲ್ಲಿ 150 ಯೂನಿಟ್ ಅರ್ಹತೆಯ ಮನೆ 200ಕ್ಕೆ ನಿಂತರೆ ಬಳಕೆಯ ಶುಲ್ಕ 290 ರೂಪಾಯಿ, 201 ಆದರೆ 1,165 ರೂಪಾಯಿ 80 ಪೈಸೆ. ಏಕದರದ ಆದೇಶ 100ರ ಬಳಿ ಕಿತ್ತ ಮೆಟ್ಟಿಲನ್ನು ಈ ಯೋಜನೆ 200ರ ಬಳಿ ಇನ್ನಷ್ಟು ಎತ್ತರಕ್ಕೆ ಕಟ್ಟಿದೆ.

ಮೂಲದ ಚರಿತ್ರೆ ತಿಳಿದದ್ದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ತು ಹೋಯಿತು. ಜೋಗದಲ್ಲಿ 1940ರ ದಶಕದ ಕೊನೆಗೆ ಒಂದು, 1960ರ ದಶಕದಲ್ಲಿ ಶುರುವಾದ 1,035 ಮೆಗಾವ್ಯಾಟಿನ ಶರಾವತಿ ಮತ್ತೊಂದು. 1985ರಲ್ಲಿ ರಾಯಚೂರಿನ ಮೊದಲ ಘಟಕ ಹೊತ್ತಿಕೊಳ್ಳುವವರೆಗೆ ಕರ್ನಾಟಕದ ವಿದ್ಯುತ್ತೆಂದರೆ ಹೆಚ್ಚುಕಡಿಮೆ ನೀರಿನ ವಿದ್ಯುತ್ತೇ. ಆಮೇಲೆ ಬಳ್ಳಾರಿ, ಯರಮರಸ್, ಉಡುಪಿಯ ನಂದಿಕೂರುಗಳಲ್ಲಿ ಕಲ್ಲಿದ್ದಲು, ಕೈಗಾದಲ್ಲಿ ಅಣುಶಕ್ತಿ, ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿ, 2018ರಿಂದ ಪಾವಗಡದಲ್ಲಿ ಬಿಸಿಲು ಸೇರಿಕೊಂಡವು. ಬಳಕೆಯ ಅಧ್ಯಯನದಲ್ಲಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ಮಂಡಿಸಿದ ಕರ್ನಾಟಕದ ವಿದ್ಯುತ್ ಯೋಜನೆ ದೊಡ್ಡ ತಿರುವು. ಎಷ್ಟು ಉತ್ಪಾದಿಸಬೇಕು ಎಂಬುದನ್ನು ಪಕ್ಕಕ್ಕಿಟ್ಟು, ಯಾವ ಕೆಲಸಕ್ಕೆ ವಿದ್ಯುತ್ತು ಬೇಕು ಎಂದು ಅವರು ಕೇಳಿದರು. ಬಚ್ಚಲ ನೀರು ಕಾಯಿಸಲು ಸೂರ್ಯನಿರುವಾಗ ವಿದ್ಯುತ್ತೇಕೆ ಎಂಬ ಪ್ರಶ್ನೆ ಅಂದಿನದು. ಇಂಗಾಲದ ಲೆಕ್ಕದಲ್ಲಿ ಟಿ.ವಿ. ರಾಮಚಂದ್ರ ಮತ್ತು ಶ್ವೇತಮಾಲಾ ಅವರ 2012ರ ಅಧ್ಯಯನ ರಾಜ್ಯವನ್ನು ಘಟಕವಾಗಿ ಹಿಡಿದು ವಿಕೇಂದ್ರಿತ ಲೆಕ್ಕದ ದಾರಿ ತೋರಿತು. ಈ ಎರಡು ಕೊಡುಗೆಗಳ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು ಒಂದು ಊರಿನ ಮನೆಯ ಒಂದು ಯೂನಿಟ್ಟಿಗೆ ಇಂಗಾಲದ ಯಾವ ಗುಣಾಂಕ ಹಾಕಬೇಕು ಎಂಬಲ್ಲಿ. ಮೂರು ಉತ್ತರಗಳು ಚಲಾವಣೆಯಲ್ಲಿವೆ.

ಮೊದಲನೆಯದು ಸ್ಥಳೀಯ ಅಭಿಪ್ರಾಯ: ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆಯಿದೆ, ಮಲೆನಾಡಿನ ನೀರಿದೆ, ಆದ್ದರಿಂದ ಹಾಸನದ ಕರೆಂಟು ಶುದ್ಧ. ಇದರ ತಲೆಕೆಳಗಾದ ರೂಪವೂ ಉಂಟು. ನಂದಿಕೂರಿನ 1,200 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದಿಂದ ಹೊರಟ 400 ಕಿಲೋವೋಲ್ಟ್ ಮಾರ್ಗ ಘಟ್ಟ ಹತ್ತಿ ಹಾಸನ–ಚನ್ನರಾಯಪಟ್ಟಣ ಹೆದ್ದಾರಿಯ ಶಾಂತಿಗ್ರಾಮಕ್ಕೆ ಬಂದು ಮುಟ್ಟುತ್ತದೆ, ಆದ್ದರಿಂದ ಇಲ್ಲಿಯದು ಉಡುಪಿಯ ಕಲ್ಲಿದ್ದಲಿನ ಕರೆಂಟು ಎಂಬ ವಾದ. ಹತ್ತಿರದ ಮೂಲವೇ ತನ್ನ ಮೂಲ ಎಂಬ ಒಂದೇ ತಪ್ಪು ಎರಡರಲ್ಲೂ ಇದೆ. ಜಾಲಕ್ಕೆ ಸೇರಿದ ವಿದ್ಯುತ್ತಿಗೆ ಊರಿನ ಗುರುತಿರುವುದಿಲ್ಲ. ಮಾರ್ಗ ಎಲ್ಲಿ ಮುಗಿಯುತ್ತದೆ ಎಂಬುದು ಜಾಲದ ವಿನ್ಯಾಸದ ಸಂಗತಿ. ಚನ್ನರಾಯಪಟ್ಟಣದ ಮನೆಯೊಂದರಲ್ಲಿ ಗೀಸರ್ ಹಾಕಿದಾಗ ಯಾವ ಸ್ಥಾವರ ತುಸು ಹೆಚ್ಚು ದುಡಿಯಿತು ಎಂಬುದನ್ನು ಅದು ಹೇಳಲಾರದು.

ಎರಡನೆಯದು ರಾಜ್ಯದ ಸರಾಸರಿ. ಕರ್ನಾಟಕದ ಸ್ಥಾಪಿತ ಸಾಮರ್ಥ್ಯದಲ್ಲಿ ಜಲ, ಗಾಳಿ, ಸೌರಶಕ್ತಿಗಳದೇ ಅರ್ಧಕ್ಕಿಂತ ಹೆಚ್ಚು ಪಾಲಾದ್ದರಿಂದ ಇಲ್ಲಿಯ ಯೂನಿಟ್ ದೇಶದ ಸರಾಸರಿಗಿಂತ ಹಗುರ ಎಂಬ ವಾದ. ದಕ್ಷಿಣದ ಜಾಲ ಪ್ರತ್ಯೇಕವಾಗಿದ್ದ ಕಾಲಕ್ಕೆ ಈ ಬಗೆಯ ಪ್ರಾದೇಶಿಕ ಲೆಕ್ಕಕ್ಕೆ ಆಧಾರವಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ಅದು ದೇಶದ ಜಾಲಕ್ಕೆ ಹೊಂದಿಕೊಂಡ ಮೇಲೆ ರಾಜ್ಯದ ಗಡಿ ಆಡಳಿತದ ಗಡಿಯಾಗಿ ಉಳಿಯಿತು, ವಿದ್ಯುತ್ತಿನ ಗಡಿಯಾಗಿ ಉಳಿಯಲಿಲ್ಲ.

ಮೂರನೆಯದು ಕೇಂದ್ರ ವಿದ್ಯುತ್ ಪ್ರಾಧಿಕಾರದ ರಾಷ್ಟ್ರೀಯ ಸರಾಸರಿ: 2022–23ಕ್ಕೆ ಯೂನಿಟ್ಟಿಗೆ 0.716 ಕಿಲೋಗ್ರಾಂ, 2023–24ಕ್ಕೆ 0.727 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್. ಸ್ಥಳೀಯ ಲೆಕ್ಕಗಳಲ್ಲಿ ಈಗ ರೂಢಿಯಾಗಿರುವುದು ಇದೇ. ಒಟ್ಟು ಹೊರೆಯ ಲೆಕ್ಕಕ್ಕೆ ಇದು ಸಾಕು. ಹೊಸ ಸಂಪರ್ಕಗಳಿಗೆ ಗೃಹಜ್ಯೋತಿ ಹಿಡಿದ ರಾಜ್ಯ ಸರಾಸರಿ 53 ಯೂನಿಟ್. ಹಾದಿಯಲ್ಲಿ ಶೇ. 12ರಷ್ಟು ನಷ್ಟವೆಂದು ಹಿಡಿದರೆ ಆ 53ಕ್ಕೆ ಸ್ಥಾವರದಲ್ಲಿ 60 ಯೂನಿಟ್ ಹುಟ್ಟಬೇಕು. ಅಂದರೆ ತಿಂಗಳಿಗೆ ಸುಮಾರು 44 ಕಿಲೋಗ್ರಾಂ. 14.2 ಕಿಲೋದ ಒಂದು ಅಡುಗೆ ಅನಿಲ ಸಿಲಿಂಡರ್ ಪೂರ್ತಿ ಉರಿದರೂ ಹೆಚ್ಚುಕಡಿಮೆ ಇಷ್ಟೇ.

ಆದರೆ ಬಳಕೆಯನ್ನು ಬದಲಿಸಿದರೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಗೂ ಇದೇ ಸರಾಸರಿಯನ್ನು ಗುಣಿಸುವುದು ಸರಿಯಲ್ಲ. ಉಳಿತಾಯದ ಲೆಕ್ಕಕ್ಕೆ ಬೇಕಾದ್ದು ಸೀಮಾಂತ ಗುಣಾಂಕ, ಅಂದರೆ ಆ ಹೊತ್ತಿನಲ್ಲಿ ಬೇಡಿಕೆ ಒಂದು ಯೂನಿಟ್ ಇಳಿದರೆ ಯಾವ ಸ್ಥಾವರ ಅಷ್ಟು ತಗ್ಗುತ್ತದೆ ಎಂಬುದು. 25 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು 0.87 ಯೂನಿಟ್ ಬೇಕು. ಗೀಸರಿನ ಸೋರಿಕೆ ಸೇರಿ ಒಂದು ಯೂನಿಟ್, ತಿಂಗಳಿಗೆ 30. ಸರಾಸರಿ ಮನೆಯ ಬಳಕೆಯ ಅರ್ಧಕ್ಕಿಂತ ಹೆಚ್ಚು ಇದೊಂದೇ ಕೆಲಸಕ್ಕೆ. ಇದು ಓಡುವುದು ಬೆಳಗ್ಗೆ ಆರರಿಂದ ಎಂಟರೊಳಗೆ, ಪಾವಗಡದ ಫಲಕಗಳು ಇನ್ನೂ ಮೈಮುರಿಯುತ್ತಿರುವ ಹೊತ್ತಿನಲ್ಲಿ. ಆಗ ಏರಿಳಿಯಬಲ್ಲವು ಎರಡೇ: ಕಲ್ಲಿದ್ದಲಿನ ಘಟಕಗಳು ಮತ್ತು ಶರಾವತಿಯಂಥ ಜಲಾಶಯದ ವಿದ್ಯುದಾಗಾರಗಳು.

ಇಲ್ಲಿ ಎದುರಾಳಿಗೆ ಒಂದು ಒಳ್ಳೆಯ ಪ್ರಶ್ನೆಯಿದೆ: ಬೆಳಗಿನ ಏರಿಕೆಯನ್ನು ತುಂಬುವುದು ಶರಾವತಿಯೇ ಆದರೆ, ಗೀಸರ್ ಆರಿಸಿ ಉಳಿಸಿದ ಇಂಗಾಲ ಸೊನ್ನೆಯಲ್ಲವೇ? ಅಲ್ಲ. ಲಿಂಗನಮಕ್ಕಿಯ ನೀರಿಗೆ ಮಿತಿಯಿದೆ. ಆ ಬೆಳಗ್ಗೆ ಹರಿಯದೆ ಉಳಿದ ನೀರು ಜಲಾಶಯದಲ್ಲೇ ಇರುತ್ತದೆ; ಇನ್ನೊಂದು ಸಂಜೆ, ಬೇಸಗೆಯ ಇನ್ನೊಂದು ವಾರ ಅದೇ ನೀರು ಕಲ್ಲಿದ್ದಲಿಗೆ ಬದಲಾಗಿ ದುಡಿಯುತ್ತದೆ. ಉಳಿತಾಯದ ಕ್ಷಣದಲ್ಲಿ ತಗ್ಗುವುದು ನೀರಿನ ಯಂತ್ರವಾದರೂ ವರ್ಷದ ಕೊನೆಗೆ ಉರಿಯದೆ ಉಳಿಯುವುದು ಕಲ್ಲಿದ್ದಲು. ಹಾಗಾಗಿ ಈ ನಾಲ್ಕು ತಾಲ್ಲೂಕುಗಳ ಬೆಳಗಿನ ಒಂದು ಯೂನಿಟ್ಟಿನ ಉಳಿತಾಯಕ್ಕೆ ಕಲ್ಲಿದ್ದಲಿನ ಗುಣಾಂಕವನ್ನೇ, ಅಂದರೆ 0.95ರ ಆಸುಪಾಸಿನ ಅಂಕಿಯನ್ನು ಹಾಕುವುದು ಹೆಚ್ಚು ಸರಿ ಎಂಬುದು ಈ ಲೇಖನದ ನಿಲುವು. ಹಾದಿಯ ನಷ್ಟ ಸೇರಿಸಿ ನೋಡಿದರೆ ತಿಂಗಳ 30 ಯೂನಿಟ್ ಉಳಿತಾಯ ರಾಷ್ಟ್ರೀಯ ಸರಾಸರಿಯಲ್ಲಿ 25 ಕಿಲೋಗ್ರಾಂ, ಈ ಲೆಕ್ಕದಲ್ಲಿ 32 ಕಿಲೋಗ್ರಾಂ.

ಈ ನಿಲುವಿಗೆ ಮಿತಿಗಳಿವೆ. ಮಳೆ ಹೆಚ್ಚಾಗಿ ಜಲಾಶಯ ತುಂಬಿ ಗೇಟು ತೆರೆದ ವಾರಗಳಲ್ಲಿ ಉಳಿಸಿದ ನೀರು ಕೋಡಿ ಹರಿದುಹೋಗುತ್ತದೆ, ಆಗ ವಾದ ನಿಲ್ಲುವುದಿಲ್ಲ. ಹೇಮಾವತಿಗೂ ಈ ವಾದ ಅನ್ವಯಿಸದು. 37 ಟಿ.ಎಂ.ಸಿ.ಯ ಆ ಜಲಾಶಯದಿಂದ ನೀರು ಬಿಡುವುದನ್ನು ನಿರ್ಧರಿಸುವುದು ನಾಲೆಯ ಸರದಿ ಮತ್ತು ಕಾವೇರಿ ಹಂಚಿಕೆ. ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿ.ಎಂ.ಸಿ. ತಲುಪಿಸಬೇಕೆಂಬ 2018ರ ತೀರ್ಪಿನ ಕಟ್ಟಿಗೆ ಈ ನದಿಯೂ ಒಳಪಟ್ಟಿದೆ. ಹಾಸನದವರು ದೀಪ ಆರಿಸಿದರೆಂದು ಗೊರೂರಿನಲ್ಲಿ ತೂಬು ಇಳಿಸುವುದಿಲ್ಲ. ಊರಿನ ಪಕ್ಕದ ನೀರಿಗೂ ಊರಿನ ಬಳಕೆಯ ಏರಿಳಿತಕ್ಕೂ ಸಂಬಂಧವಿಲ್ಲ ಎಂಬುದೇ ಸ್ಥಳೀಯ ಅಭಿಪ್ರಾಯದ ವಿರುದ್ಧ ಇರುವ ಬಲವಾದ ಸಾಕ್ಷಿ. ನಡುಹಗಲಲ್ಲಿ ಸೌರ ವಿದ್ಯುತ್ತು ಹೇರಳವಾಗಿ ಕಲ್ಲಿದ್ದಲಿನ ಘಟಕಗಳು ಕನಿಷ್ಠ ಮಟ್ಟಕ್ಕೆ ಇಳಿದಿರುವಾಗಲೂ ಗುಣಾಂಕ ತಗ್ಗುತ್ತದೆ. ಇದರಿಂದ ಒಂದು ಕಿರಿಕಿರಿಯ ಅನುಮಾನ ಹುಟ್ಟುತ್ತದೆ: 2024ರ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಪಡೆದ ಚಾವಣಿಯು ನಡುಹಗಲಲ್ಲಿ ಜಾಲಕ್ಕೆ ಕೊಡುವ ಯೂನಿಟ್ಟಿಗಿಂತ, ಹಳೆಯ ಕಾಲದ ಸೋಲಾರ್ ನೀರು ಕಾಯಿಸುವ ತೊಟ್ಟಿ ಬೆಳಗ್ಗೆ ಉಳಿಸುವ ಯೂನಿಟ್ ಇಂಗಾಲದ ತಕ್ಕಡಿಯಲ್ಲಿ ಹೆಚ್ಚು ತೂಗಬಹುದು. ನೀರಾವರಿ ಪಂಪ್‌ಗಳ ಹೊರೆಯನ್ನು ಹಗಲಿಗೆ ತಂದಷ್ಟೂ ಈ ಅಂತರ ಕಿರಿದಾಗುತ್ತದೆ ಎಂಬುದನ್ನೂ ಹೇಳಬೇಕು.

ಹಾದಿಯ ನಷ್ಟದ ಶೇ. 12 ಕೂಡ ಗಟ್ಟಿ ನೆಲದ ಮೇಲಿಲ್ಲ. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ತು ಉಚಿತ, ಬಹುಪಾಲಿಗೆ ಮೀಟರಿಲ್ಲ. ಅವುಗಳ ಬಳಕೆ ಅಂದಾಜಿನದು. ಅಂದಾಜು ಏರಿದರೆ ನಷ್ಟ ಇಳಿದಂತೆ ಕಾಣುತ್ತದೆ. ಹೇಮಾವತಿ ನಾಲೆಯ ನೀರು ಕಾಣುವ ಹೊಳೆನರಸೀಪುರಕ್ಕಿಂತ, ತೆಂಗಿನ ತೋಟಗಳು ಕೊಳವೆಬಾವಿ ನೆಚ್ಚಿಕೊಂಡ ಚನ್ನರಾಯಪಟ್ಟಣದಲ್ಲಿ ಈ ತೊಡಕು ಹೆಚ್ಚು. ನಿರಂತರ ಜ್ಯೋತಿಯಲ್ಲಿ ಹಳ್ಳಿಯ ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಬೇರೆ ಫೀಡರ್ ಎಳೆದ ಕಡೆ ಮಾತ್ರ ಮನೆಯ ಪಾಲಿನ ನಷ್ಟವನ್ನು ಬಿಡಿಸಿ ನೋಡಬಹುದು.

ಇನ್ನು ಬಿಲ್ಲಿನಲ್ಲಿ ಬಾರದ ಉರಿ. ಚನ್ನರಾಯಪಟ್ಟಣ ಕಡೆಯ ಹಳ್ಳಿಮನೆಯ ಬಚ್ಚಲಲ್ಲಿ ಹಂಡೆಯ ಕೆಳಗೆ ಉರಿಯುವುದು ತೆಂಗಿನ ಮಟ್ಟೆ, ಗರಿ, ಕರಟ. ತೋಟದಲ್ಲಿ ಹೇಗೂ ಉದುರುವ ಸೌದೆಯಾದ್ದರಿಂದ ಅದರ ಇಂಗಾಲವನ್ನು ಲೆಕ್ಕಕ್ಕೆ ಹಿಡಿಯದಿರುವುದು ರೂಢಿ. ಬಚ್ಚಲ ಹೊಗೆ ಕುಡಿಯುವವರ ಪುಪ್ಪುಸದ ಲೆಕ್ಕ ಬೇರೆ. ಅರಕಲಗೂಡಿನಲ್ಲಿ ತೆಂಗಿನ ಈ ಅನುಕೂಲ ಅಷ್ಟಿಲ್ಲ, ಜೊತೆಗೆ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು ಅದೇ ಸೌದೆಗೆ ಪೈಪೋಟಿ ನಡೆಸುತ್ತವೆ. ಹಾಸನ ಪಟ್ಟಣದ ಬಾಡಿಗೆ ಮನೆಗಳಲ್ಲಿ ಹಂಡೆಗೆ ಜಾಗವೇ ಇಲ್ಲ. ಹಂಡೆ ಬಿಟ್ಟು ಗೀಸರಿಗೆ ಬಂದ ಮನೆಗೆ 2025–26ರ ದರದಲ್ಲಿ ತೆರಿಗೆ, ಬಾಬ್ತು ಸೇರಿ ತಿಂಗಳಿಗೆ ಸುಮಾರು 200 ರೂಪಾಯಿ ಹೆಚ್ಚುವರಿ ಬೀಳಬೇಕು. ಅರ್ಹತೆಯ ಮಿತಿಯೊಳಗೆ ಅದು ಸೊನ್ನೆ. ದುಡ್ಡಿನ ಲೆಕ್ಕದಲ್ಲಿ ಆ 30 ಯೂನಿಟ್ ಪುಕ್ಕಟೆ, ಇಂಗಾಲದ ಲೆಕ್ಕದಲ್ಲಿ ಮನೆಯ ಅತಿ ಭಾರದ ಯೂನಿಟ್‌ಗಳು ಅವೇ. ಸೋಲಾರ್ ತೊಟ್ಟಿ ಇಟ್ಟವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಎಂಬ ಹಳೆಯ ಪ್ರೋತ್ಸಾಹ, ಬಿಲ್ಲೇ ಇಲ್ಲದ ಮನೆಗೆ ಅರ್ಥ ಕಳೆದುಕೊಂಡಿದೆ.

ಸಹಾಯಧನ ತಪ್ಪೆಂಬುದು ಇಲ್ಲಿನ ವಾದವಲ್ಲ. ಬಡವರಿಗಾಗಿನ ಭಾಗ್ಯಜ್ಯೋತಿ ಯೋಜನೆಯ 40 ಯೂನಿಟ್ಟಿನ ಮನೆಯ ಹೊರೆಯನ್ನೂ 190 ಯೂನಿಟ್ಟಿನ ಮನೆಯ ಹೊರೆಯನ್ನೂ ಒಂದೇ ಕಣ್ಣಿನಿಂದ ನೋಡಲಾಗದು. ಬೆಳಗಿನ ಯೂನಿಟ್ಟಿನ ನಿಜವಾದ ಗುಣಾಂಕ 0.95ಕ್ಕೆ ಎಷ್ಟು ಹತ್ತಿರ ಎಂಬುದು ಇತ್ಯರ್ಥವಾಗಬೇಕಾದರೆ ಎರಡು ದಾಖಲೆಗಳನ್ನು ಒಟ್ಟಿಗೆ ಇಟ್ಟು ಓದಬೇಕು: ನಾಲ್ಕು ತಾಲ್ಲೂಕುಗಳ ಮನೆಬಳಕೆ ಫೀಡರ್‌ಗಳ ಗಂಟೆವಾರು ಹೊರೆ, ಮತ್ತು ಅದೇ ಗಂಟೆಗಳಲ್ಲಿ ಕಲ್ಲಿದ್ದಲು ಹಾಗೂ ಜಲ ಘಟಕಗಳ ಏರಿಳಿತ. ಮಳೆಗಾಲದ ತಿಂಗಳುಗಳನ್ನು ಬೇರೆಯಾಗಿ ಲೆಕ್ಕ ಹಾಕದಿದ್ದರೆ ಆ ಉತ್ತರವೂ ಅರ್ಧವೇ. ಅಲ್ಲಿಯವರೆಗೆ 0.727 ಎಂಬುದನ್ನು ಒಟ್ಟು ಹೊರೆಯ ಲೆಕ್ಕಕ್ಕೆ ಬಳಸಬಹುದು, ಉಳಿತಾಯದ ಲೆಕ್ಕಕ್ಕೆ ಬಳಸಬಾರದು.