ಬಸ್ಸು ಹತ್ತಿ ಬಂದ ಪಹಣಿ

2003ರಲ್ಲಿ ದೊಡ್ಡಬಳ್ಳಾಪುರ ತಾಲೂಕಿನ ಹಳ್ಳಿಗಳಿಗೆ ಓಡಾಡುತ್ತಿದ್ದ ಒಂದು ಸರ್ಕಾರಿ ಬಸ್ಸು ಜನರ ಜೊತೆಗೆ ಪಹಣಿಗಳನ್ನೂ ಹೊತ್ತು ತಿರುಗುತ್ತಿತ್ತು. ಕಾಗದದ ಪಹಣಿ ಅಲ್ಲ, ಫೈಲುಗಳು. ಬಸ್ಸಿನಲ್ಲಿ ಲಿನಕ್ಸ್ ಓಡಿಸುವ ಒಂದು ಪುಟ್ಟ ಕಂಪ್ಯೂಟರ್, 512 ಎಂಬಿಯ ಫ್ಲಾಶ್ ಮೆಮೊರಿ, ವೈಫೈ ಕಾರ್ಡ್, 14 ಇಂಚಿನ ಆಂಟೆನಾ. ಕರೆಂಟು ಬಸ್ಸಿನ ಬ್ಯಾಟರಿಯಿಂದಲೇ.

ನಮ್ಮ ಹೊಸಕೋಟೆಯಿಂದ ದೇವನಹಳ್ಳಿ ದಾಟಿದರೆ ದೊಡ್ಡಬಳ್ಳಾಪುರ, ಎಲ್ಲಾ ಒಂದೇ ಜಿಲ್ಲೆ. ಬೆಳಗಿನ ಜಾವ ಬಿರಿಯಾನಿಗೆ ಅಂತ ವೈಟ್‌ಫೀಲ್ಡ್‌ನಿಂದ ಇಲ್ಲಿಗೆ ಬಂದು ಸಾಲಲ್ಲಿ ನಿಲ್ಲುವ ಸಾಫ್ಟ್‌ವೇರ್ ಮಂದಿಗೆ ಈ ವಿಷಯ ಹೇಳಿದರೆ ಅರ್ಧ ಜನ ನಂಬೋದಿಲ್ಲ.

ಹಿನ್ನೆಲೆ ಸರಳ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಲ್ಲಿಯವರೆಗೆ ಅವು ಗ್ರಾಮಲೆಕ್ಕಿಗರ ಕೈಯಲ್ಲಿದ್ದವು, ಅದಕ್ಕೂ ಹಿಂದೆ ಶಾನುಭೋಗರ ಕೈಯಲ್ಲಿ. ಈಗ 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಪ್ರಿಂಟ್ ಸಿಗುತ್ತಿತ್ತು. ಆದರೆ ಆ 15 ರೂಪಾಯಿಯ ಕಾಗದಕ್ಕೆ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬರಬೇಕಿತ್ತಲ್ಲ? ಹಳ್ಳಿಯಲ್ಲೇ ಒಂದು ಕಂಪ್ಯೂಟರ್ ಇಡೋಣ ಅಂದರೆ ಅದಕ್ಕೆ ನೆಟ್‌ವರ್ಕ್ ಇಲ್ಲ. ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಹುಟ್ಟಿದ ‘ಡಾಕ್‌ನೆಟ್’ ಇದಕ್ಕೆ ಕಂಡುಕೊಂಡ ಉಪಾಯ: ತಂತಿ ಎಳೆಯೋದು ಬೇಡ, ಬಸ್ಸು ಹೇಗೂ ಹೋಗುತ್ತಲ್ಲ! ಪೆಂಟ್‌ಲ್ಯಾಂಡ್, ಫ್ಲೆಚರ್, ಹ್ಯಾಸನ್ ಎಂಬ ಮೂವರು 2004ರ ಜನವರಿಯಲ್ಲಿ ಇದರ ಬಗ್ಗೆ ಲೇಖನ ಬರೆದರು. ‘ಡಾಕ್’ ಅಂದರೆ ಹಿಂದಿಯಲ್ಲಿ ಅಂಚೆ. 1672ರಲ್ಲೇ ಚಿಕ್ಕದೇವರಾಜ ಒಡೆಯರು ಅಂಚೆ ಶುರುಮಾಡಿದ ನಾಡಿಗೆ ಬಂದು ‘ಡಾಕ್’ ಅಂತ ಹೆಸರಿಟ್ಟಿದ್ದು ನನಗೆ ಸ್ವಲ್ಪ ಬೇಜಾರೇ.

ಬಸ್ಸು ಹಳ್ಳಿಯ ಹತ್ತಿರ ಬಂದಾಗ ಅಲ್ಲಿನ ಕಂಪ್ಯೂಟರ್ ತನ್ನ ಅರ್ಜಿಗಳನ್ನು ಗಾಳಿಯಲ್ಲೇ ಬಸ್ಸಿಗೆ ದಾಟಿಸುತ್ತಿತ್ತು. ಬಸ್ಸು ತಾಲೂಕು ಕೇಂದ್ರ ಮುಟ್ಟಿದಾಗ ಅವು ಸರ್ವರಿಗೆ ಇಳಿದು, ಪಹಣಿ ಫೈಲುಗಳು ಬಸ್ಸು ಹತ್ತುತ್ತಿದ್ದವು. ದಿನಕ್ಕೆ ಮೂರು ಸಲ ಹೋಗಿ ಬರೋದು. ಒಂದು ಭೇಟಿ ಸರಾಸರಿ 2 ನಿಮಿಷ 34 ಸೆಕೆಂಡು. ಅಷ್ಟರಲ್ಲಿ ಒಂದು ದಿಕ್ಕಿಗೆ ಸುಮಾರು 21 ಎಂಬಿ ದಾಟುತ್ತಿತ್ತು. ಕಾಂಬೋಡಿಯಾದ ರತನಕಿರಿ ಪ್ರಾಂತ್ಯದಲ್ಲಿ ಇದೇ ಕೆಲಸವನ್ನು ಮೋಟಾರ್ ಬೈಕುಗಳು ಮಾಡಿದವು.

ಇಷ್ಟು ಓದಿ ‘ಎಷ್ಟು ಕ್ಯೂಟ್’ ಅಂತ ಮುಂದೆ ಹೋಗಬೇಡಿ. ಫೋಟೋದಲ್ಲಿ ಒಂದು ಪಿಕ್ಸೆಲ್ ಕೆಟ್ಟರೆ ಯಾರಿಗೂ ಗೊತ್ತಾಗಲ್ಲ. ಪಹಣಿಯಲ್ಲಿ 12 ಗುಂಟೆ ಹೋಗಿ 21 ಗುಂಟೆ ಆದರೆ? ಅದನ್ನು ಹಿಡಿದು ರೈತ ಬ್ಯಾಂಕಿಗೆ ಸಾಲಕ್ಕೆ ಹೋಗುತ್ತಾನೆ, ಕೋರ್ಟಿಗೆ ಹೋಗುತ್ತಾನೆ. ಒಂದು ಅಂಕಿ ಅಣ್ಣತಮ್ಮಂದಿರ ಮಧ್ಯೆ ಇಪ್ಪತ್ತು ವರ್ಷದ ಕೇಸಾಗಬಹುದು.

ವೈಫೈನಲ್ಲಿ ಚೆಕ್ ಇರುತ್ತಲ್ಲ ಅಂತೀರಿ. ಇರುತ್ತೆ. ಪ್ರತಿ ಫ್ರೇಮಿನ ಬಾಲದಲ್ಲಿ 4 ಬೈಟಿನ ಒಂದು ತಾಳೆ ಸಂಖ್ಯೆ ಇರುತ್ತೆ. ಲೆಕ್ಕ ಕೂಡಲಿಲ್ಲ ಅಂದರೆ ಆ ಫ್ರೇಮನ್ನು ಎಸೆದು, ಇನ್ನೊಮ್ಮೆ ಕಳಿಸಿಕೊಳ್ಳುತ್ತೆ. ಆದರೆ ಅದು ಕಾಯೋದು ಗಾಳಿಯಲ್ಲಿರುವ ಆ ಕ್ಷಣವನ್ನು ಮಾತ್ರ. ಫೈಲು ಹೆಚ್ಚು ಹೊತ್ತು ಇರೋದು ಬಸ್ಸಿನ ಮೆಮೊರಿಯಲ್ಲಿ: ಗುಂಡಿಯಲ್ಲಿ ಎಗರುತ್ತಾ, ಬಿಸಿಲಲ್ಲಿ ಬೇಯುತ್ತಾ. ಅಲ್ಲಿ ಒಂದು ಬಿಟ್ ತಿರುಗಿದರೆ, ಬಸ್ಸು ಆ ಕೆಟ್ಟ ಫೈಲಿಗೇ ಹೊಸದಾಗಿ ತಾಳೆ ಸಂಖ್ಯೆ ಹಾಕಿ ಮುಂದಕ್ಕೆ ಕಳಿಸುತ್ತೆ. ಪ್ರತಿ ಹೆಜ್ಜೆಯ ಚೆಕ್ಕೂ ಪಾಸ್, ಪಹಣಿ ಮಾತ್ರ ತಪ್ಪು.

ಇದು ಬರೀ ಊಹೆಯಲ್ಲ, ಎಂಐಟಿಯಲ್ಲೇ ನಡೆದಿತ್ತು. ಸಾಲ್ಟ್‌ಜರ್, ರೀಡ್, ಕ್ಲಾರ್ಕ್ ಮೂವರು 1984ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಅದನ್ನು ಹೇಳಿದ್ದಾರೆ. ಹಲವು ನೆಟ್‌ವರ್ಕ್‌ಗಳನ್ನು ಜೋಡಿಸುವ ಗೇಟ್‌ವೇ ಕಂಪ್ಯೂಟರುಗಳು. ಒಂದರಿಂದ ಒಂದಕ್ಕೆ ಹೋಗುವಾಗ ಚೆಕ್‌ಸಮ್ ಇತ್ತು. ಪ್ರೋಗ್ರಾಮರುಗಳು ನಿಶ್ಚಿಂತೆಯಿಂದ ಇದ್ದರು. ಒಂದು ಗೇಟ್‌ವೇ ತನ್ನೊಳಗೆ ಡೇಟಾ ನಕಲು ಮಾಡುವಾಗ, ಸುಮಾರು ಹತ್ತು ಲಕ್ಷ ಬೈಟಿಗೊಮ್ಮೆ, ಎರಡು ಬೈಟುಗಳನ್ನು ಅದಲುಬದಲು ಮಾಡುತ್ತಿತ್ತು. ಒಂದು ಆಪರೇಟಿಂಗ್ ಸಿಸ್ಟಮ್‌ನ ಸೋರ್ಸ್ ಫೈಲುಗಳು ಮತ್ತೆ ಮತ್ತೆ ಅದರ ಮೂಲಕವೇ ಹೋಗಿ ಹಾಳಾದವು. ಕೊನೆಗೆ ಹಳೇ ಪ್ರಿಂಟ್‌ಔಟುಗಳನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣಲ್ಲೇ ಹೋಲಿಸಿ ಸರಿಮಾಡಿದರು! ಅವರು ಹೇಳಿದ್ದು ಇಷ್ಟೇ: ನಡುವಿನವರು ಎಷ್ಟೇ ತಾಳೆ ನೋಡಲಿ, ಕಳಿಸಿದವನ ಮತ್ತು ಪಡೆದವನ ನಡುವೆ ನೇರ ತಾಳೆ ಬೇಕು.

ಅಂದರೆ ಕಾಗದಕ್ಕೆ ಅರಗಿನ ಮುದ್ರೆ ಇದ್ದ ಹಾಗೆ. ಹೊತ್ತು ಓಡುವವನು ಅದನ್ನು ಓದಬೇಕಾಗಿಲ್ಲ, ಅವನನ್ನು ನಂಬಬೇಕಾಗೂ ಇಲ್ಲ. ತಾಲೂಕು ಸರ್ವರ್ ಪೂರ್ತಿ ಫೈಲಿಗೆ ಒಂದು ಹ್ಯಾಶ್ ಲೆಕ್ಕ ಹಾಕಿ ಸಹಿ ಮಾಡಬೇಕು, ಹಳ್ಳಿಯ ಕಂಪ್ಯೂಟರ್ ಪ್ರಿಂಟ್ ಕೊಡುವ ಮೊದಲು ಅದನ್ನು ಪರೀಕ್ಷಿಸಬೇಕು. ಸಹಿ ಯಾಕೆ? ಬರೀ ಹ್ಯಾಶ್ ಆದರೆ ಫೈಲು ತಿದ್ದಿದವನು ಹ್ಯಾಶನ್ನೂ ತಿದ್ದಬಲ್ಲ. ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಆಗಲೇ ಮಾನ್ಯತೆ ಕೊಟ್ಟಿತ್ತು.

ಬಸ್ಸಿನ ವಿಷಯದಲ್ಲಿ ಇನ್ನೊಂದು ತೊಡಕು. ಮಾಮೂಲಿ ಇಂಟರ್‌ನೆಟ್‌ನಲ್ಲಿ ತಪ್ಪಾದರೆ ಸೆಕೆಂಡಿನೊಳಗೆ ಮತ್ತೆ ಕೇಳಬಹುದು. ಇಲ್ಲಿ ಮತ್ತೆ ಕೇಳೋದು ಅಂದರೆ ಮುಂದಿನ ಟ್ರಿಪ್ಪು. ಹಾಗಾಗಿ ‘ಕೊಟ್ಟೆ’ ಅಂತ ಹೇಳಿ ತನ್ನ ಪ್ರತಿ ಅಳಿಸಿಬಿಡುವ ಹಾಗಿಲ್ಲ. ‘ಸರಿಯಾಗಿ ಸಿಕ್ಕಿತು’ ಅನ್ನೋ ರಸೀದಿ ವಾಪಸ್ ಬರೋವರೆಗೆ ಇಟ್ಟುಕೊಂಡಿರಬೇಕು. ರಸೀದಿಯೇ ಕಳೆದುಹೋಗಿ ಅದೇ ಅರ್ಜಿ ಎರಡು ಸಲ ಹೋದರೆ? ಅದಕ್ಕೇ ಪ್ರತಿ ಅರ್ಜಿಗೂ ಒಂದು ನಂಬರು, ಜೊತೆಗೆ ದಿನಾಂಕ, ಗಂಟೆ. ಬೆಳಗಿನ ಟ್ರಿಪ್ಪಲ್ಲಿ ಹೊರಟ ಪಹಣಿ ಸಂಜೆಗೆ ಸಿಕ್ಕಾಗ ಅಕ್ಷರಶಃ ಸರಿ ಇದ್ದರೂ, ಮಧ್ಯಾಹ್ನ ಖಾತೆ ಬದಲಾಗಿದ್ದರೆ ಅದು ಹಳಸಲು.

ಇಷ್ಟೆಲ್ಲ ಗೊತ್ತಿದ್ದೂ ದೊಡ್ಡವರೇ ಎಡವಿದರು. ಬಾಹ್ಯಾಕಾಶಕ್ಕಾಗಿ ಯೋಚಿಸಿದ, ತಡವಾಗಿ ತಲುಪುವ ಜಾಲಗಳ ‘ಬಂಡಲ್ ಪ್ರೋಟೋಕಾಲ್’ 2007ರಲ್ಲಿ ಹೊರಬಂತು. ಮರುವರ್ಷ ಯುಕೆ-ಡಿಎಂಸಿ ಎಂಬ ಉಪಗ್ರಹದಿಂದ ಭೂಮಿಗೆ ಚಿತ್ರ ಇಳಿಸಿ ಪರೀಕ್ಷಿಸಿದರು. ಉಪಗ್ರಹವೂ ನಮ್ಮ ಬಸ್ಸಿನ ಹಾಗೇ, ನೆಲದ ಕೇಂದ್ರದ ಮೇಲೆ ಕೆಲವೇ ನಿಮಿಷ ಹಾದುಹೋಗುತ್ತೆ. ಆ ಪರೀಕ್ಷೆ ನಡೆಸಿದವರೇ 2009ರಲ್ಲಿ ಬರೆದರು: ಈ ಪ್ರೋಟೋಕಾಲ್‌ನಲ್ಲಿ ತಪ್ಪು ಹಿಡಿಯೋಕೆ ಒಂದು ಸಾದಾ ಚೆಕ್‌ಸಮ್ಮೂ ಇಲ್ಲ ಸ್ವಾಮಿ! 2022ರ ಹೊಸ ಆವೃತ್ತಿಯಲ್ಲಿ ಅದಕ್ಕೆ ಜಾಗ ಕೊಟ್ಟರು.

ತಮಾಷೆ ಅಂದರೆ ಪಹಣಿಯೊಳಗೆ ಚೆಕ್‌ಸಮ್ ಮೊದಲಿಂದಲೂ ಇದೆ. 3ನೇ ಕಾಲಂನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣ, 9ನೇ ಕಾಲಂನಲ್ಲಿ ಒಬ್ಬೊಬ್ಬ ಮಾಲೀಕನ ಪಾಲು. ಕೂಡಿದರೆ ಎರಡೂ ಸರಿ ಬರಬೇಕು. ಒಟ್ಟು 2 ಎಕರೆ 20 ಗುಂಟೆ. ಅಣ್ಣನಿಗೆ 1 ಎಕರೆ 12, ತಮ್ಮನಿಗೆ 1 ಎಕರೆ 8. ಅಣ್ಣನ 12 ಹೋಗಿ 21 ಆದರೆ ಲೆಕ್ಕ ತಪ್ಪುತ್ತೆ, ಸಿಕ್ಕಿಬೀಳುತ್ತೆ. ಕಂದಾಯ ಇಲಾಖೆಯವರು ‘3-9 ಮಿಸ್‌ಮ್ಯಾಚ್’ ಅನ್ನೋದು ಇದನ್ನೇ. ಇದರಿಂದ ನೋಂದಣಿಗೆ ಓಡಾಡಿ ಸುಸ್ತಾದವರು ನಮ್ಮ ತಾಲೂಕಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅಣ್ಣನ ಪಾಲು ತಮ್ಮನಿಗೆ, ತಮ್ಮನದು ಅಣ್ಣನಿಗೆ ಅದಲುಬದಲಾದರೆ ಮೊತ್ತ ಸರಿಯಾಗೇ ಇರುತ್ತೆ. ಇಂಟರ್‌ನೆಟ್‌ನ ಟಿಸಿಪಿ ಚೆಕ್‌ಸಮ್ಮಿಗೂ ಇದೇ ಕುರುಡು: ಅದೂ ಬರೀ ಕೂಡುವ ಲೆಕ್ಕ, 16 ಬಿಟ್ಟಿನ ತುಂಡುಗಳ ಜಾಗ ಬದಲಾದರೆ ಅದಕ್ಕೆ ಕಾಣೋದಿಲ್ಲ.

ಈಗ ಪಹಣಿ ಫೋನಿನಲ್ಲೇ ಸಿಗುತ್ತೆ, ಅದಕ್ಕೆ ಬಸ್ಸು ಬೇಕಿಲ್ಲ. ಹ್ಯಾಶ್, ಸಹಿ ಎರಡೂ ಪಕ್ಕಾ ಇದ್ದರೂ ಅವು ಹೇಳೋದು ಸರ್ವರಿನಲ್ಲಿ ಇದ್ದದ್ದೇ ನಿಮ್ಮ ಕೈಗೆ ಬಂತು ಅಂತ ಮಾತ್ರ. ಗ್ರಾಮಲೆಕ್ಕಿಗರ ಪುಸ್ತಕದಿಂದ ಕಂಪ್ಯೂಟರಿಗೆ ಟೈಪ್ ಮಾಡುವಾಗ ತಪ್ಪಿದ ಹೆಸರಿಗೆ ಈಗಲೂ ತಿದ್ದುಪಡಿ ಅರ್ಜಿಯೇ ಗತಿ.