ಬೆನ್ನ ಹಿಂದೆ ಎಂಜಿನ್, ಕೈಯಲ್ಲಿ ಕಾಗದ

ಸಂಕ್ರಾಂತಿಯ ಬೆನ್ನಿಗೆ ಬರುವ ಸಾಲಿಗ್ರಾಮ ಹಬ್ಬದ ಹೊತ್ತಿಗೆ ಗುರುನರಸಿಂಹ ದೇವಸ್ಥಾನದ ಆಸುಪಾಸಿನಲ್ಲಿ ನಿಂತ ಕಾರುಗಳ ನಂಬರ್ ಪ್ಲೇಟು ಓದುತ್ತ ಹೋದರೆ ಸಾಕು, ಈ ಊರಿನವರು ಎಲ್ಲೆಲ್ಲಿ ನೆಲೆಸಿದ್ದಾರೆಂಬುದು ತಿಳಿದುಬಿಡುತ್ತದೆ. ಉಡುಪಿಯ ಕೆಎ 20ರ ನಡುನಡುವೆ ಬೆಂಗಳೂರಿನ ಕಾರುಗಳು, ಮುಂಬಯಿ ಕಡೆಯ ಎಂಎಚ್ ಕಾರುಗಳು. ಹೋಟೆಲು, ಉದ್ಯೋಗವೆಂದು ಹೊರಗೆ ಹೋದವರು ಅಲ್ಲಿ ಕೊಂಡ ಕಾರು ಊರಿಗೆ ಬಂದು ಇಲ್ಲಿಯೇ ಉಳಿಯುವುದು, ನೆಂಟರಿಗೋ ಪರಿಚಯದವರಿಗೋ ಕೈಬದಲಾಗುವುದು ಹೊಸತೇನಲ್ಲ. ಸಾಮಾನ್ಯ ಕಾರಾದರೆ ಮೆಕ್ಯಾನಿಕ್ ಒಬ್ಬನನ್ನು ಕರೆತಂದು ಬಾನೆಟ್ ಎತ್ತಿಸಿ ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಬಾನೆಟ್ ಎತ್ತಿದಾಗ ಕೆಳಗೆ ಎಂಜಿನ್ನೇ ಇಲ್ಲದಿದ್ದರೆ?

ಅಂಥ ಕಾರುಗಳೂ ಇವೆ. ನೆಲಕ್ಕೆ ಅಂಟಿಕೊಂಡಂತೆ ಓಡುವ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅನೇಕವುಗಳ ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದೆ, ಹಿಂದಿನ ಚಕ್ರಗಳಿಗಿಂತ ಮುಂದೆ. ಮುಂದಿನ ಬಾನೆಟ್ ತೆರೆದರೆ ಸಿಗುವುದು ಒಂದು ಕೈಚೀಲ ಇಡುವಷ್ಟು ಜಾಗ. ಇದಕ್ಕೆ ಮಧ್ಯ ಎಂಜಿನ್ ಕಾರು ಎನ್ನುತ್ತಾರೆ. ಹೆಸರು ಕೇಳಿ ಇದು ಕೋಟ್ಯಧೀಶರ ಮಾತೆಂದು ಪುಟ ತಿರುಗಿಸುವವರು ತುಸು ತಾಳಬೇಕು. 1984ರಲ್ಲಿ ಬಂದು 2019ರವರೆಗೆ ತಯಾರಾದ ಮಾರುತಿ ವ್ಯಾನ್, ಅಂದರೆ ಒಮ್ನಿಯ 796 ಸಿಸಿ ಎಂಜಿನ್ ಇದ್ದುದು ಮುಂದಿನ ಸೀಟಿನ ಅಡಿಯಲ್ಲಿ, ಮುಂದಿನ ಚಕ್ರಗಳ ಹಿಂದೆ; ತಿರುಗುತ್ತಿದ್ದುದು ಹಿಂದಿನ ಚಕ್ರ. ಲೆಕ್ಕದ ಪ್ರಕಾರ ಅದೂ ಮಧ್ಯ ಎಂಜಿನ್ ವಾಹನವೇ. ಬೇಸಿಗೆಯಲ್ಲಿ ಒಮ್ನಿಯ ಮುಂದಿನ ಸೀಟಿನಲ್ಲಿ ಕುಂದಾಪುರದವರೆಗೆ ಹೋಗಿ ಬಂದವರಿಗೆ ಇದರ ಬಿಸಿ ಬೇರೆ ವಿವರಿಸಬೇಕಾಗಿಲ್ಲ.

ಒಮ್ನಿಯಲ್ಲಿ ಎಂಜಿನ್ ಹಾಗೆ ಕುಳಿತದ್ದು ಜಾಗ ಉಳಿಸಲು. ಸ್ಪೋರ್ಟ್ಸ್ ಕಾರಿನಲ್ಲಿ ಅದು ನಡುವಿಗೆ ಬಂದದ್ದು ತಿರುವಿಗಾಗಿ. ಅಡ್ಡೆಯ ಎರಡು ತುದಿಗೆ ಎಳನೀರು ಗೊನೆ ತೂಗಿಸಿಕೊಂಡು ನಡೆಯುವವನು ಥಟ್ಟನೆ ತಿರುಗಲಾರ. ಅದೇ ಭಾರವನ್ನು ಎದೆಗೆ ಅವಚಿಕೊಂಡರೆ ನಿಂತಲ್ಲೇ ತಿರುಗಬಲ್ಲ. ಕಾರಿನ ಅತಿ ಭಾರದ ವಸ್ತು ಎಂಜಿನ್. ಅದನ್ನು ನಡುವಿಗೆ ತಂದರೆ ಕಾರು ಚಾಲಕನ ಕೈಗೆ ಬೇಗ ಓಗೊಡುತ್ತದೆ.

ಈ ತಿಳಿವು ಹಳೆಯದು. ಜರ್ಮನಿಯ ಬೆಂಝ್ ಕಂಪನಿ 1923ರಲ್ಲೇ ಇಂಥ ರೇಸ್ ಕಾರನ್ನು ಓಡಿಸಿತ್ತು. 1934ರಿಂದ ಫರ್ಡಿನಾಂಡ್ ಪೋರ್ಷೆ ರೂಪಿಸಿದ ಆಟೊ ಯೂನಿಯನ್ ಕಾರುಗಳೂ ಹಾಗೆಯೇ ಇದ್ದವು. ಆದರೂ ಜಗತ್ತು ಒಪ್ಪಿದ್ದು ಬ್ರಿಟನ್ನಿನ ಕೂಪರ್ ಎಂಬ ಚಿಕ್ಕ ಕಂಪನಿಯ ಕಾರಿನಲ್ಲಿ ಜ್ಯಾಕ್ ಬ್ರಭಾಮ್ 1959 ಮತ್ತು 1960ರಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ. ಎತ್ತು ಗಾಡಿಯನ್ನು ಎಳೆಯಬೇಕೇ ಹೊರತು ನೂಕಬಾರದು ಎಂಬುದು ಇಟಲಿಯ ಎಂಝೊ ಫೆರಾರಿಯ ವಾದವಾಗಿತ್ತಂತೆ. ಕಂಬಳದ ಊರಿನವರಿಗೆ ಅದು ನ್ಯಾಯವಾದ ಮಾತೇ ಅನ್ನಿಸೀತು. ಆದರೆ ಕೆಲವೇ ವರ್ಷಗಳಲ್ಲಿ ಫೆರಾರಿಯ ರೇಸ್ ಕಾರುಗಳ ಎಂಜಿನ್ನೂ ಹಿಂದಕ್ಕೆ ಸರಿಯಿತು. 1966ರಲ್ಲಿ ಲ್ಯಾಂಬೋರ್ಗಿನಿಯ ಮಿಯುರಾ ಬಂತು. 1972ರ ಫಿಯೆಟ್ ಎಕ್ಸ್1/9, 1984ರ ಟೊಯೊಟಾ ಎಂಆರ್2, 1996ರ ಪೋರ್ಷೆ ಬಾಕ್ಸ್‌ಸ್ಟರ್ ಇವೆಲ್ಲ ಆ ಸುಖವನ್ನು ಇನ್ನಷ್ಟು ಜನರ ಕೈಗೆಟಕಿಸಿದವು. ವಿದೇಶಗಳಲ್ಲಿ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಹುಡುಕುವುದು ಹೆಚ್ಚಾಗಿ ಇವನ್ನೇ.

ಕೊಂಡ ಮೇಲೆ ತಿಳಿಯುವ ಸಂಗತಿಗಳೂ ಇವೆ. ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ ಇರುವ ಕಾರಿನಲ್ಲಿ ನೀರಿನ ಪೈಪು ಇಡೀ ಕಾರಿನ ಅಡಿಯಲ್ಲಿ ಹಾದುಹೋಗಬೇಕು. ಅದು ತುಕ್ಕು ಹಿಡಿದು ಸೋರಿದರೆ ಎಂಜಿನ್ ಸುಡುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಜೊತೆಗೆ ಕಡಲ ಉಪ್ಪುಗಾಳಿ ಇರುವ ಕರಾವಳಿಯಲ್ಲಿ ಇದು ಸಣ್ಣ ಮಾತಲ್ಲ. 1990ರ ದಶಕದ ಕೆಲವು ಫೆರಾರಿಗಳಲ್ಲಿ ಒಂದು ಬೆಲ್ಟ್ ಬದಲಿಸಲು ಇಡೀ ಎಂಜಿನ್ ಕೆಳಗಿಳಿಸಬೇಕು. 2008ರವರೆಗಿನ ಬಾಕ್ಸ್‌ಸ್ಟರ್‌ಗಳಲ್ಲಿ ಎಂಜಿನ್ನಿನೊಳಗಿನ ಒಂದು ಬೇರಿಂಗ್ ಮುರಿದು ಇಡೀ ಎಂಜಿನ್ ಹಾಳಾದ ಪ್ರಕರಣಗಳು ಲೋಕಪ್ರಸಿದ್ಧ.

ಭಾರತಕ್ಕೆ ಇಂಥ ಹಳೆಯ ಕಾರು ಬರುವ ದಾರಿ ಬಹಳ ಕಾಲ ಮುಚ್ಚಿಯೇ ಇತ್ತು. 2001ರಲ್ಲಿ ಆಮದು ನಿರ್ಬಂಧ ಸಡಿಲವಾದಾಗಲೂ ಹಳೆಯ ಕಾರಿಗೆ ಷರತ್ತು ಬಂತು: ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಗಡೆಗಿರಬೇಕು, ಮುಂಬಯಿ ಬಂದರಿನ ಮೂಲಕವೇ ಬರಬೇಕು. 2013ರಲ್ಲಿ ಹಳೆಯ ಕಾರಿನ ಮೂಲ ಸುಂಕ ಶೇ. 100ರಿಂದ 125ಕ್ಕೆ ಏರಿತು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ಕರಾವಳಿಯ ಎಷ್ಟೋ ಮಂದಿ ಅಲ್ಲಿ ಓಡಿಸಿದ ಕಾರನ್ನು ಅಲ್ಲಿಯೇ ಬಿಟ್ಟು ಬಂದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅಲ್ಲಿನ ಕಾರುಗಳ ಸ್ಟಿಯರಿಂಗ್ ಎಡಗಡೆಗೆ.

ಹೀಗಿರುವಾಗ ದೇಶದಲ್ಲೇ ತಯಾರಾದ ಮಧ್ಯ ಎಂಜಿನ್ ಕಾರೊಂದು 2012ರ ಜನವರಿಯಲ್ಲಿ ದೆಹಲಿಯ ಆಟೊ ಎಕ್ಸ್‌ಪೋದಲ್ಲಿ ಕಾಣಿಸಿಕೊಂಡಾಗ ಸಂಭ್ರಮವಾದದ್ದು ಸಹಜ. ವಿನ್ಯಾಸಕಾರ ದಿಲೀಪ್ ಛಾಬ್ರಿಯಾ ಅವರ ಡಿಸಿ ಕಂಪನಿಯ ಈ ಕಾರಿನ ಹೆಸರು ಅವಂತಿ. ರೆನೋ ಕಂಪನಿಯ ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಸುಮಾರು 250 ಅಶ್ವಶಕ್ತಿ. ಬೆಲೆ 35 ಲಕ್ಷ ರೂಪಾಯಿಯ ಆಸುಪಾಸು. ವಿದೇಶಿ ಸ್ಪೋರ್ಟ್ಸ್ ಕಾರುಗಳ ಮುಂದೆ ಅದು ಅಗ್ಗವೇ. 2015ರ ಸುಮಾರಿಗೆ ಕಾರುಗಳು ಗ್ರಾಹಕರ ಕೈ ಸೇರತೊಡಗಿದವು.

2020ರ ಡಿಸೆಂಬರ್‌ನಲ್ಲಿ ಮುಂಬಯಿ ಪೊಲೀಸರು ತಮಿಳುನಾಡು ನೋಂದಣಿಯ ಒಂದು ಅವಂತಿಯನ್ನು ತಡೆದು ಪರಿಶೀಲಿಸಿದರು. ಅದೇ ಎಂಜಿನ್ ನಂಬರ್, ಅದೇ ಚಾಸಿಸ್ ನಂಬರಿನ ಮೇಲೆ ಹರಿಯಾಣದಲ್ಲೂ ಒಂದು ಕಾರು ನೋಂದಣಿಯಾಗಿದೆ ಎಂಬುದು ಅವರ ಹೇಳಿಕೆ. ಒಂದೇ ಕಾರಿನ ಮೇಲೆ ಒಂದಕ್ಕಿಂತ ಹೆಚ್ಚು ಸಾಲ ಪಡೆದ ಆರೋಪವೂ ಸೇರಿಕೊಂಡಿತು. ತಿಂಗಳ ಕೊನೆಗೆ ಛಾಬ್ರಿಯಾ ಅವರ ಬಂಧನವಾಯಿತು. ಮುಂದಿನ ವರ್ಷ ಜಾಮೀನು ಸಿಕ್ಕಿತು. ಇವೆಲ್ಲ ಪೊಲೀಸರ ಆರೋಪಗಳು. ನಿಜಾನಿಜ ಹೇಳಬೇಕಾದದ್ದು ನ್ಯಾಯಾಲಯ. ಆದರೆ ಬೆವರು ಸುರಿಸಿದ ಹಣದಲ್ಲಿ ಒಂದು ಅವಂತಿಯನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಳ್ಳಹೊರಟವನಿಗೆ ಆ ಸುದ್ದಿ ಹೇಗೆ ಕೇಳಿಸಿರಬಹುದು! ಎಂಜಿನ್ ಕೆಟ್ಟರೆ ರಿಪೇರಿ ಉಂಟು. ತನ್ನ ಕಾರಿನ ನಂಬರು ಇನ್ನೊಬ್ಬನ ಕಾರಿನಲ್ಲೂ ಇದ್ದರೆ ಅದನ್ನು ಯಾವ ಗ್ಯಾರೇಜಿಗೆ ಒಯ್ಯುವುದು?

ಆದ್ದರಿಂದ ಇಂಥ ಕಾರು ಮುಂಬಯಿಯಿಂದ ಸಾಲಿಗ್ರಾಮಕ್ಕೆ ಬರುವುದಾದರೆ ಮೊದಲು ಪಯಣ ಮಾಡಬೇಕಾದದ್ದು ಕಾಗದ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ಮಾರಾಟಕ್ಕೆ 29 ಮತ್ತು 30, ಸಾಲ ತೀರಿದ್ದಕ್ಕೆ ಫಾರಂ 35. ಈ ಕೊನೆಯದನ್ನು ಹಣ ಕೊಡುವ ಮುನ್ನವೇ ಕೇಳಿ ಪಡೆಯಬೇಕು. ಬ್ಯಾಂಕಿನ ಸಾಲ ಕಾರಿನ ಜೊತೆಗೇ ಬರುತ್ತದೆ. ಹನ್ನೆರಡು ತಿಂಗಳಿಗೂ ಮೀರಿ ಇಲ್ಲಿ ಇರಿಸಿಕೊಂಡರೆ ಕರ್ನಾಟಕದ ನಂಬರ್ ಕಡ್ಡಾಯ. ಮೇಲೆ ಆಜೀವ ತೆರಿಗೆ. 20 ಲಕ್ಷ ಮೀರಿದ ಹೊಸ ಕಾರಿಗೆ ರಾಜ್ಯದಲ್ಲಿ ಶೇ. 18, ಅದರ ಮೇಲೆ ಸೆಸ್. ಹಳೆಯದಕ್ಕೆ ವಯಸ್ಸಿಗೆ ತಕ್ಕ ರಿಯಾಯಿತಿ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಮಹಾರಾಷ್ಟ್ರ ನೋಂದಣಿಯ ಕೆಂಪು ಫೆರಾರಿ ಎಸ್‌ಎಫ್90 ಕಾರಿನ ಮಾಲೀಕರು ದಂಡವೂ ಸೇರಿ ಕಟ್ಟಿದ್ದು 1.41 ಕೋಟಿ ರೂಪಾಯಿ. ಅದೂ ಮಧ್ಯ ಎಂಜಿನ್ ಕಾರೇ.

ಆರ್‌ಟಿಒ ಕಚೇರಿಗಳಲ್ಲಿ ಒಂದು ಹಳೆಯ ಪದ್ಧತಿ ಉಂಟು. ಚಾಸಿಸ್ಸಿನಲ್ಲಿ ಕೆತ್ತಿದ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು. ಸಣ್ಣ ಮಕ್ಕಳು ನಾಣ್ಯದ ಮೇಲೆ ಮಾಡುವ ಆಟದಂತೆಯೇ. ಕೊಳ್ಳುವವರು ಆ ಅಚ್ಚನ್ನು ತಾವೇ ನಿಂತು ತೆಗೆಸಿ, ಆರ್‌ಸಿಯ ಪಕ್ಕದಲ್ಲಿಟ್ಟು ಅಂಕಿ ಅಂಕಿಯಾಗಿ ಓದಿಕೊಳ್ಳುವುದಕ್ಕೆ ಐದು ನಿಮಿಷ ಸಾಕು. ಎಂಜಿನ್ ನಂಬರಿಗೆ ಮಾತ್ರ ಸೀಟಿನ ಹಿಂದಿನ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಬಗ್ಗಬೇಕಾದೀತು.